ಗ್ರಾನೈಟೋ, ಗ್ರಾನೈಟಿನಂತೆ ಕಾಣುವ ಟೈಲೋ? ಮೊದಲು ಅಂಚು ನೋಡಿ

ಪ್ರಶ್ನೆ: ತುಮಕೂರಿನಲ್ಲಿ 30×40 ನಿವೇಶನದಲ್ಲಿ ಎರಡು ಮಹಡಿಯ ಮನೆ ಕಟ್ಟಿಸುತ್ತಿದ್ದೇವೆ. ಪ್ಲಾಸ್ಟರಿಂಗ್ ಮುಗಿದಿದೆ. ಎರಡೂ ಮಹಡಿ ಸೇರಿ ಒಳಗಿನ ನೆಲ ಸುಮಾರು 1,400 ಚದರಡಿ. "ಗ್ರಾನೈಟ್ ಹಾಕಿಸಿ, ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ" ಅಂತಾರೆ ಮೇಸ್ತ್ರಿ. ಟೈಲ್ಸ್ ಅಂಗಡಿಯವರು ಥೇಟ್ ಗ್ರಾನೈಟಿನಂತೆ ಕಾಣುವ ವಿಟ್ರಿಫೈಡ್ ಟೈಲ್ ತೋರಿಸಿ, "ಎರಡಕ್ಕೂ ವ್ಯತ್ಯಾಸವೇ ಗೊತ್ತಾಗಲ್ಲ" ಅಂದರು. ಮನೆಯಲ್ಲಿ ಎಪ್ಪತ್ತು ದಾಟಿದ ಅಪ್ಪ, ಅಮ್ಮ ಇದ್ದಾರೆ. ಯಾವುದು ಹಾಕಿಸಿದರೆ ಒಳ್ಳೆಯದು?

ಉತ್ತರ: ಇಡೀ ಮನೆಗೆ ಒಂದೇ ವಸ್ತು ಆಗಬೇಕು ಎಂಬ ಹಟ ಬಿಟ್ಟರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ. ಅಂಚು ಹೊರಗೆ ಕಾಣುವ ಕಡೆ, ಪೆಟ್ಟು ಬೀಳುವ ಕಡೆ ಕಲ್ಲು ಹಾಕಿಸಿ: ಮೆಟ್ಟಿಲು, ಹೊಸ್ತಿಲು, ಅಡುಗೆ ಕಟ್ಟೆ, ಕಿಟಕಿಯ ಕೆಳಪಟ್ಟಿ, ಮುಂದಿನ ಜಗುಲಿ. ಸುತ್ತ ಗೋಡೆಯಿದ್ದು ಮೇಲ್ಮೈ ಮಾತ್ರ ಕಾಣುವ ಕಡೆ, ಅಂದರೆ ಹಾಲ್, ಕೋಣೆ, ಅಡುಗೆಮನೆಯ ನೆಲಕ್ಕೆ ಒಳ್ಳೆಯ ಟೈಲ್ ಸಾಕು. ಮೇಲಿನ ಮಹಡಿಗಂತೂ ಟೈಲೇ ಸರಿ. ಕೆಳಮಹಡಿಯ ಹಾಲ್‌ಗೆ ಕಲ್ಲೇ ಬೇಕೆಂಬ ಆಸೆಯಿದ್ದರೆ ತಪ್ಪೇನಿಲ್ಲ, ಆದರೆ ಆರಿಸುವುದರಲ್ಲಿ, ಹಾಸುವುದರಲ್ಲಿ ಎಚ್ಚರ ಬೇಕು.

"ವ್ಯತ್ಯಾಸ ಗೊತ್ತಾಗಲ್ಲ" ಎಂಬ ಮಾತು ಹಾಸಿದ ಹೊಸತರಲ್ಲಿ ನಿಜ. ಭಾರವಾದ ಕುಕ್ಕರ್ ಅಥವಾ ಒರಳುಗುಂಡು ಕೈಜಾರಿ ಬಿದ್ದ ದಿನ ವ್ಯತ್ಯಾಸ ಗೊತ್ತಾಗುತ್ತದೆ. ಗ್ರಾನೈಟಿನ ಚೂರು ಎದ್ದರೆ ಒಳಗೂ ಅದೇ ಬಣ್ಣ, ಅದೇ ಕಾಳು. ಟೈಲಿನ ಚೂರು ಎದ್ದರೆ ಏನು ಕಾಣುತ್ತದೆ ಎಂಬುದು ಅದು ಯಾವ ಜಾತಿಯ ಟೈಲ್ ಎಂಬುದರ ಮೇಲೆ ನಿಂತಿದೆ. ಅಂಗಡಿಯಲ್ಲಿ ಎಲ್ಲವನ್ನೂ "ವಿಟ್ರಿಫೈಡ್" ಎಂದೇ ಕರೆಯುವುದರಿಂದ ಇದನ್ನು ಬಿಡಿಸಿ ಹೇಳುತ್ತೇನೆ.

ಗ್ರಾನೈಟ್ ನೋಟದ ಟೈಲುಗಳಲ್ಲಿ ಮೂರು ಬಗೆ ಮುಖ್ಯ. ಮೊದಲನೆಯದು ಜಿವಿಟಿ (ಗ್ಲೇಜ್ಡ್ ವಿಟ್ರಿಫೈಡ್ ಟೈಲ್), ಹೊಳಪು ಕೊಟ್ಟದ್ದಾದರೆ ಪಿಜಿವಿಟಿ. ಇದರಲ್ಲಿ ಗ್ರಾನೈಟಿನ ಚಿತ್ರವನ್ನು ಡಿಜಿಟಲ್ ಯಂತ್ರದಲ್ಲಿ ಮುದ್ರಿಸಿ ಮೇಲೆ ಗಾಜಿನಂಥ ಗ್ಲೇಜ್ ಲೇಪಿಸಿರುತ್ತಾರೆ. ಚಿತ್ರವೂ ಗ್ಲೇಜೂ ಸೇರಿ ಒಂದು ಮಿಲಿಮೀಟರಿಗಿಂತ ಕಡಿಮೆ ದಪ್ಪ. ಎರಡನೆಯದು ಡಬಲ್ ಚಾರ್ಜ್: ಬಣ್ಣ ಬೆರೆಸಿದ ಪುಡಿಯ ಪದರ ಮೇಲೆ 3ರಿಂದ 4 ಮಿ.ಮೀ., ಕೆಳಗೆ ಸಾದಾ ಪುಡಿ, ಎರಡನ್ನೂ ಒಟ್ಟಿಗೆ ಒತ್ತಿ ಸುಟ್ಟದ್ದು. ಮೂರನೆಯದು ಫುಲ್ ಬಾಡಿ: ಮೇಲಿಂದ ಕೆಳತನಕ ಒಂದೇ ಬಣ್ಣ, ಒಂದೇ ಕಾಳು. ಉಪ್ಪು-ಮೆಣಸು ಬೆರೆಸಿದಂತೆ ಕಾಣುವ ಬೂದು ಗ್ರಾನೈಟಿನ ನೋಟ ಫುಲ್ ಬಾಡಿಯಲ್ಲಿ ಚೆನ್ನಾಗಿ ಬರುತ್ತದೆ. ದೊಡ್ಡ ನರ, ಅಲೆಯಂಥ ಹರಿವು ಇರುವ ನೋಟ ಬೇಕೆಂದರೆ ಹೆಚ್ಚಾಗಿ ಜಿವಿಟಿಯೇ ಸಿಗುವುದು. ಟೈಲನ್ನು ಮಗುಚಿ ಪಕ್ಕದ ಅಂಚು ನೋಡಿದರೆ ಯಾವ ಜಾತಿ ಎಂಬುದು ಒಂದೇ ಕ್ಷಣದಲ್ಲಿ ತಿಳಿಯುತ್ತದೆ. ಅಂಗಡಿಯವರ ಮಾತಿಗಿಂತ ಅಂಚನ್ನು ನಂಬಿ.

ಜಿವಿಟಿಯಲ್ಲಿ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಈ ಡಿಸೈನಿಗೆ ಎಷ್ಟು ಫೇಸ್, ಅಂದರೆ ಬೇರೆ ಬೇರೆ ಚಿತ್ರ, ಇದೆ? ನಾಲ್ಕೇ ಫೇಸ್ ಇದ್ದರೆ ನಲವತ್ತು ಟೈಲ್ ಹಿಡಿಯುವ ಹಾಲಿನಲ್ಲಿ ಒಂದೊಂದು ಚಿತ್ರ ಹತ್ತು ಸಲ ಮರುಕಳಿಸುತ್ತದೆ. ಸಣ್ಣ ಕಾಳಿನ ನೋಟದಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ನರದ ನೋಟದಲ್ಲಿ ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಮರೆಯುವುದಕ್ಕಾಗುವುದಿಲ್ಲ.

ಗಡಸುತನದ ವಿಷಯಕ್ಕೆ ಬರೋಣ. ಗ್ರಾನೈಟ್ ಎಂದರೆ ಮುಖ್ಯವಾಗಿ ಕ್ವಾರ್ಟ್ಜ್ ಮತ್ತು ಫೆಲ್ಡ್‌ಸ್ಪಾರ್ ಹರಳುಗಳ ಕೂಟ. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಕ್ವಾರ್ಟ್ಜ್ 7, ಫೆಲ್ಡ್‌ಸ್ಪಾರ್ 6. ಟೈಲಿನ ಗ್ಲೇಜ್ ಸಾಮಾನ್ಯವಾಗಿ 5ರಿಂದ 6. ಚಪ್ಪಲಿಗೆ ಅಂಟಿ ಒಳಬರುವ ಮರಳು ಎಂದರೆ ಕ್ವಾರ್ಟ್ಜೇ, ಅಂದರೆ ಗ್ಲೇಜಿಗಿಂತ ಗಡಸು. ಹಾಗಾಗಿ ಮುಂಬಾಗಿಲಿಂದ ಹಾಲಿನ ತನಕದ ನಡೆದಾಡುವ ದಾರಿಯಲ್ಲಿ ಹೊಳಪಿನ ಪಿಜಿವಿಟಿ ಕೆಲವೇ ವರ್ಷದಲ್ಲಿ ಮಂಕಾಗಿ, ಬೆಳಕಿಗೆ ಅಡ್ಡ ನೋಡಿದರೆ ಒಂದು ಹಾದಿಯೇ ಕಾಣುತ್ತದೆ. ಗ್ಲೇಜ್ ಮಂಕಾದರೆ ಮತ್ತೆ ಪಾಲಿಶ್ ಮಾಡಲು ಬರುವುದಿಲ್ಲ, ಉಜ್ಜಿದರೆ ಚಿತ್ರವೇ ಹೋಗುತ್ತದೆ. ಗ್ರಾನೈಟ್ ಮಂಕಾದರೆ ವಜ್ರದ ಪ್ಯಾಡ್ ಹಾಕಿ ಮತ್ತೆ ಹೊಳಪು ತರಬಹುದು. ಮೇಸ್ತ್ರಿ ಹೇಳಿದ ಮೊಮ್ಮಕ್ಕಳ ಕಾಲದ ಮಾತಿಗೆ ಆಧಾರ ಇದೇ. ಮ್ಯಾಟ್ ಟೈಲಿನಲ್ಲಿ ಕಳೆದುಕೊಳ್ಳಲು ಹೊಳಪೇ ಇಲ್ಲದ್ದರಿಂದ ಸವೆತ ಅಷ್ಟಾಗಿ ಕಾಣುವುದಿಲ್ಲ.

ಇನ್ನು ನೀರು, ಎಣ್ಣೆ. ವಿಟ್ರಿಫೈಡ್ ಎನಿಸಿಕೊಳ್ಳಲು ಟೈಲ್ ಹೀರುವ ನೀರು ಅದರ ತೂಕದ ಶೇ. 0.5ರೊಳಗೆ ಇರಬೇಕು. ಒಳ್ಳೆಯ ಟೈಲುಗಳಲ್ಲಿ ಅದಕ್ಕಿಂತ ಬಹಳ ಕಡಿಮೆ. ಗ್ರಾನೈಟೂ ಅಂಕಿಯಲ್ಲಿ ಸರಿಸುಮಾರು ಇದೇ ಮಟ್ಟದ್ದು, ಆದರೆ ಅದರ ಹರಳುಗಳ ನಡುವಿನ ಸಂದುಗಳು ಎಣ್ಣೆಯನ್ನು ಒಳಗೆಳೆದುಕೊಳ್ಳುತ್ತವೆ. ದೇವರ ಮನೆಯಲ್ಲಿ ದೀಪದ ಎಣ್ಣೆ ದಿನವೂ ತೊಟ್ಟಿಕ್ಕುವ ಜಾಗದಲ್ಲಿ ಬಿಳಿ ಅಥವಾ ತಿಳಿ ಬೂದು ಗ್ರಾನೈಟ್ ಹಾಕಿದರೆ ಕಪ್ಪು ಮಚ್ಚೆ ಖಚಿತ, ಉಜ್ಜಿದರೆ ಹೋಗುವುದಿಲ್ಲ. ಅಲ್ಲಿ ಟೈಲ್ ಹಾಕಿಸಿ, ಇಲ್ಲವೇ ಕಪ್ಪು ಕಲ್ಲು ಹಾಕಿಸಿ. ಟೈಲಿನಲ್ಲಿ ಅರಿಶಿನ, ಕುಂಕುಮದ ಕಲೆ ಕೂರುವುದು ಟೈಲಿಗಲ್ಲ, ಸಂದಿನ ಸಿಮೆಂಟ್ ಗ್ರೌಟಿಗೆ. ದೇವರ ಮನೆ, ಅಡುಗೆಮನೆ, ಊಟದ ಜಾಗಕ್ಕೆ ಎಪಾಕ್ಸಿ ಗ್ರೌಟ್ ಹಾಕಿಸಿದರೆ ಆ ತೊಂದರೆಯೂ ಇಲ್ಲ. ಪಾಲಿಶ್ ಮಾಡಿದ ಡಬಲ್ ಚಾರ್ಜ್ ಟೈಲಿನ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳು ತೆರೆದಿರುವುದುಂಟು. ಪರ್ಮನೆಂಟ್ ಮಾರ್ಕರಿನಿಂದ ಗೀಟೆಳೆದು ಹತ್ತು ನಿಮಿಷ ಬಿಟ್ಟು ಥಿನ್ನರ್‌ನಲ್ಲಿ ಒರೆಸಿ. ನೆರಳು ಉಳಿದರೆ ಆ ಟೈಲ್ ಬೇಡ.

ಅಪ್ಪ, ಅಮ್ಮನ ವಿಷಯದಲ್ಲಿ ನನ್ನ ಮಾತು ಖಡಾಖಂಡಿತ: ಒದ್ದೆಯಾದಾಗ ಪಾಲಿಶ್ ಗ್ರಾನೈಟ್, ಪಾಲಿಶ್ ಟೈಲ್ ಎರಡೂ ಜಾರುತ್ತವೆ. ಒಂದು ಹೆಚ್ಚು, ಒಂದು ಕಡಿಮೆ ಎಂದು ಲೆಕ್ಕ ಹಾಕಬೇಡಿ. ಅವರು ಮಲಗುವ ಕೋಣೆ, ಅಲ್ಲಿಂದ ಬಚ್ಚಲಿಗೆ ಹೋಗುವ ದಾರಿ, ಅಡುಗೆಮನೆ, ಬಟ್ಟೆ-ಪಾತ್ರೆ ತೊಳೆಯುವ ಯುಟಿಲಿಟಿ ಇಷ್ಟಕ್ಕೂ ಮ್ಯಾಟ್ ಟೈಲ್ ಹಾಕಿಸಿ. ಪೆಟ್ಟಿಗೆಯ ಮೇಲೆ ಅಥವಾ ಕ್ಯಾಟಲಾಗಿನಲ್ಲಿ ಆರ್9, ಆರ್10, ಆರ್11 ಎಂಬ ಜಾರುವಿಕೆಯ ದರ್ಜೆ ಇರುತ್ತದೆ. ಅಂಕಿ ಏರಿದಷ್ಟೂ ಹಿಡಿತ ಹೆಚ್ಚು. ಅಡುಗೆಮನೆ, ಯುಟಿಲಿಟಿಗೆ ಆರ್10, ಮಳೆ ಬೀಳುವ ಜಗುಲಿ ಮತ್ತು ತಾರಸಿಗೆ ಆರ್11 ಕೇಳಿ. ಜಗುಲಿಗೆ ಕಲ್ಲು ಹಾಕುವುದಾದರೆ ಪಾಲಿಶ್ ಬೇಡ, ಬೆಂಕಿಯ ಜ್ವಾಲೆ ಹಾಯಿಸಿ ಒರಟು ಮಾಡಿದ ಫ್ಲೇಮ್ಡ್ ಅಥವಾ ಲೆದರ್ ಫಿನಿಶ್ ತೆಗೆದುಕೊಳ್ಳಿ. ಲೆದರ್ ಫಿನಿಶ್ ಮಳೆಗೆ ತೆರೆದ ಮೆಟ್ಟಿಲಿಗೆ ಸಾಲದು, ಅಲ್ಲಿ ಫ್ಲೇಮ್ಡ್ ಬೇಕು. ಹಬ್ಬಕ್ಕೆ ರಂಗೋಲಿ ಬಿಡುವ ಜಾಗದಲ್ಲಿ ಮಾತ್ರ ಒರಟು ಕಲ್ಲಿನಿಂದ ಪುಡಿ ಗುಡಿಸಿ ತೆಗೆಯುವುದು ತ್ರಾಸ. ಅಷ್ಟು ಜಾಗಕ್ಕೆ ಲೆದರ್ ಫಿನಿಶ್ ಸಾಕು.

ಮೇಲಿನ ಮಹಡಿಯ ತೂಕ

ಯಾರೂ ಹೇಳದ, ಆದರೆ ಕೇಳಲೇಬೇಕಾದ ವಿಷಯ ಇದು. 18 ಮಿ.ಮೀ. ಗ್ರಾನೈಟ್ ಒಂದು ಚದರ ಮೀಟರಿಗೆ ಸುಮಾರು 49 ಕೆ.ಜಿ., ಚದರಡಿ ಲೆಕ್ಕದಲ್ಲಿ ನಾಲ್ಕೂವರೆ ಕೆ.ಜಿ. ಕಪ್ಪು ಕಲ್ಲು ಇನ್ನೂ ಭಾರ. ಚಾಮರಾಜನಗರ ಕಡೆಯ "ಕಪ್ಪು ಗ್ರಾನೈಟ್" ಭೂವಿಜ್ಞಾನದ ಪ್ರಕಾರ ಗ್ರಾನೈಟೇ ಅಲ್ಲ, ಡೋಲರೈಟ್ ಎಂಬ ಬೇರೆ ಶಿಲೆ. ಚದರಡಿಗೆ ಐದು ಕೆ.ಜಿ. ತೂಗುತ್ತದೆ. ಸಾಮಾನ್ಯ ಗ್ರಾನೈಟಿನ ಕೆಳಗೆ 40 ಮಿ.ಮೀ. ಗಾರೆಯ ಬೆಡ್ ಹಾಕಿದರೆ ಚದರ ಮೀಟರಿಗೆ ಇನ್ನೂ 84 ಕೆ.ಜಿ. ಒಟ್ಟು 133 ಕೆ.ಜಿ. ಮನೆಗಳ ವಿನ್ಯಾಸದಲ್ಲಿ ಎಂಜಿನಿಯರುಗಳು ನೆಲಹಾಸಿಗೆಂದು ಸಾಮಾನ್ಯವಾಗಿ ಚದರ ಮೀಟರಿಗೆ 100 ಕೆ.ಜಿ. ಆಸುಪಾಸು ಹಿಡಿದಿರುತ್ತಾರೆ. ಮಟ್ಟಸವಾದ ಸ್ಲ್ಯಾಬಿನ ಮೇಲೆ 9 ಮಿ.ಮೀ. ಟೈಲನ್ನು ಅಂಟಿನಲ್ಲಿ ಕೂರಿಸಿದರೆ ಆಗುವ ತೂಕ 26 ಕೆ.ಜಿ. ಮಾತ್ರ. 30 ಮಿ.ಮೀ. ಸ್ಕ್ರೀಡ್ (ನೆಲ ಮಟ್ಟ ಮಾಡುವ ಗಾರೆಯ ಪದರ) ಸೇರಿಸಿದರೂ 90 ಕೆ.ಜಿ. ದಾಟುವುದಿಲ್ಲ.

ನಿಮ್ಮ ಮೇಲಿನ ಮಹಡಿ 700 ಚದರಡಿ, ಅಂದರೆ 65 ಚದರ ಮೀಟರ್ ಎಂದುಕೊಳ್ಳಿ. ಗ್ರಾನೈಟಾದರೆ ಸ್ಲ್ಯಾಬಿನ ಮೇಲೆ ಎಂಟೂವರೆ ಟನ್ನಿಗೂ ಹೆಚ್ಚು, ಅಂಟಿನ ಮೇಲೆ ಟೈಲಾದರೆ ಎರಡು ಟನ್ನಿಗೂ ಕಡಿಮೆ. ಗ್ರಾನೈಟ್ ಹಾಕಿದ ಮಾತ್ರಕ್ಕೆ ಸ್ಲ್ಯಾಬ್ ಕುಸಿಯುವುದಿಲ್ಲ. ಆದರೆ ಅದು ಹೆಚ್ಚು ಬಾಗಿದಷ್ಟೂ ಬಿರುಕು ಕಾಣಿಸಿಕೊಳ್ಳುವುದು ಕೆಳಗಿನ ಮನೆಯ ಸೀಲಿಂಗಿನಲ್ಲಿ, ಮೇಲಿನ ನೆಲದ ಸಂದಿನಲ್ಲಿ. ಸ್ಲ್ಯಾಬ್ ಮಟ್ಟ ತಪ್ಪಿದ್ದರೆ ಮೇಸ್ತ್ರಿ ಅದನ್ನು ಬೆಡ್ಡಿನಲ್ಲೇ ಸರಿ ಮಾಡುತ್ತಾರೆ, 40 ಮಿ.ಮೀ. ಇರಬೇಕಾದದ್ದು ಒಂದು ಮೂಲೆಯಲ್ಲಿ 75 ಆಗುತ್ತದೆ. ಮಹಡಿಗೆ ಕಲ್ಲು ಹಾಕಲೇಬೇಕೆಂದರೆ ಈ ಲೆಕ್ಕವನ್ನು ನಿಮ್ಮ ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸಿ, ಒಪ್ಪಿಗೆ ಪಡೆದೇ ಮುಂದುವರಿಯಿರಿ.

ಗ್ರಾನೈಟ್ ಆರಿಸುವಾಗ

ಕರ್ನಾಟಕದವರಿಗೆ ಕಲ್ಲಿನ ಕೊರತೆಯಿಲ್ಲ. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಆ ಹೆಸರಿನಿಂದಲೇ ಕರೆಯುವ ಕ್ಲೋಸ್‌ಪೇಟ್ ಗ್ರಾನೈಟ್ ಪಟ್ಟಿ ಸುಮಾರು 250 ಕೋಟಿ ವರ್ಷ ಹಳೆಯದು, ರಾಜ್ಯದ ದಕ್ಷಿಣದಿಂದ ಉತ್ತರಕ್ಕೆ ಚಾಚಿಕೊಂಡಿದೆ. ಇಳಕಲ್ಲಿನ ಕೆಂಪು, ಚಾಮರಾಜನಗರದ ಕಪ್ಪು, ದೇವನಹಳ್ಳಿ ಕಡೆಯ ಸಾದರಹಳ್ಳಿ ಬೂದು ಕಲ್ಲು ಎಲ್ಲ ನಮ್ಮವೇ. ಸ್ಲ್ಯಾಬ್ ಕೊಯ್ದು ಪಾಲಿಶ್ ಮಾಡುವ ಕಾರ್ಖಾನೆಗಳು ಬೆಂಗಳೂರಿನ ಜಿಗಣಿಯಲ್ಲಿ ಸಾಲಾಗಿವೆ. ತುಮಕೂರಿನಿಂದ ಅಲ್ಲಿಗೆ ಒಂದು ದಿನ ಹೋಗಿ ಬರುವುದು ಒಳ್ಳೆಯದು. ಕೈಯಗಲದ ಸ್ಯಾಂಪಲ್ ನೋಡಿ ಕಲ್ಲು ಕೊಳ್ಳಬಾರದು. ಒಂದೇ ಗಣಿಯ ಎರಡು ಬ್ಲಾಕಿನಲ್ಲೇ ಬಣ್ಣ ಬೇರೆ ಇರುತ್ತದೆ. ನಿಮಗೆ ಬೇಕಾದಷ್ಟೂ ಸ್ಲ್ಯಾಬ್ ಒಂದೇ ಬ್ಲಾಕಿನದೇ ಎಂದು ಖಚಿತಪಡಿಸಿಕೊಳ್ಳಿ, ಸ್ಲ್ಯಾಬಿನ ಬದಿಯಲ್ಲಿ ಬರೆದ ಬ್ಲಾಕ್ ನಂಬರು ನೋಡಿ, ಆರಿಸಿದವುಗಳ ಮೇಲೆ ನಿಮ್ಮ ಸಹಿ ಹಾಕಿ ಫೋಟೊ ತೆಗೆದುಕೊಳ್ಳಿ.

ಸ್ಲ್ಯಾಬಿನಲ್ಲಿ ಎರಡು ಬಗೆ. ಗ್ಯಾಂಗ್‌ಸಾ ಸ್ಲ್ಯಾಬ್ ದೊಡ್ಡದು, ಒಂಬತ್ತು-ಹತ್ತು ಅಡಿ ಉದ್ದ, ಐದು-ಆರು ಅಡಿ ಅಗಲ. ಕಟ್ಟರ್ ಸ್ಲ್ಯಾಬ್ ಎರಡು-ಮೂರು ಅಡಿ ಅಗಲದ್ದು, ಅಗ್ಗ. ಕಟ್ಟರಿನಲ್ಲಿ ದಪ್ಪ ಹೆಚ್ಚುಕಮ್ಮಿ ಇರುವುದು ಮಾಮೂಲು, ಒಂದು ಮೂಲೆ 18 ಇದ್ದರೆ ಇನ್ನೊಂದು 15. ನಾಲ್ಕು ಮೂಲೆಗೂ ಅಳತೆಪಟ್ಟಿ ಇಟ್ಟು ನೋಡಿ. ಮೆಟ್ಟಿಲಿಗೆ ಕಟ್ಟರ್ ಸ್ಲ್ಯಾಬ್ ಧಾರಾಳವಾಗಿ ಸಾಕು. ಮೂರೂವರೆ ಅಡಿ ಉದ್ದ, 11 ಇಂಚು ಅಗಲದ ಇಪ್ಪತ್ತು ಮೆಟ್ಟಿಲಿಗೆ ಮೆಟ್ಟು, ಎದುರುಪಟ್ಟಿ ಎರಡೂ ಸೇರಿ ಸುಮಾರು 100 ಚದರಡಿ, ಅದರ ಮೇಲೆ ವೇಸ್ಟೇಜ್. ಮುಂಚೂಣಿಯ ಅಂಚನ್ನು ಅರೆದುಂಡಗೆ ಮಾಡುವ ಮೋಲ್ಡಿಂಗಿಗೆ ಅಡಿ ಲೆಕ್ಕದಲ್ಲಿ ಬೇರೆ ದರ, ಇಲ್ಲಿ 70 ಅಡಿ ಆಗುತ್ತದೆ. ಮುಂದಿನ ಅಂಚಿನಿಂದ ಎರಡು ಇಂಚು ಒಳಗೆ ಎರಡು-ಮೂರು ಗೀರು ಕೊರೆಸಿ, ವಯಸ್ಸಾದವರ ಕಾಲಿಗೆ ಹಿಡಿತ ಸಿಗುತ್ತದೆ. ಟೈಲಿನ ಮೆಟ್ಟಿಲಿನಲ್ಲಿ ಇದೇ ಮುಂದಿನ ಅಂಚು ಮೊದಲು ಚಕ್ಕೆ ಏಳುವುದು. ಕಲ್ಲು ಮೆಟ್ಟಿಲಿಗೆ ಎನ್ನುವುದು ಈ ಕಾರಣಕ್ಕೆ.

ಕೊಳ್ಳುವ ಮುನ್ನ ಮಾಡಬೇಕಾದ ಪರೀಕ್ಷೆಗಳು ಸುಲಭ. ಕಪ್ಪು ಕಲ್ಲಾದರೆ ನೈಲ್ ಪಾಲಿಶ್ ತೆಗೆಯುವ ಅಸಿಟೋನನ್ನು ಬಿಳಿ ಹತ್ತಿಗೆ ಹಾಕಿ ಬಲವಾಗಿ ಉಜ್ಜಿ. ಹತ್ತಿ ಕಪ್ಪಾದರೆ ಬೂದು ಕಲ್ಲಿಗೆ ಬಣ್ಣ ಕುಡಿಸಿದ್ದಾರೆ ಎಂದು ಅರ್ಥ, ಅಡುಗೆ ಕಟ್ಟೆಯ ಮೇಲೆ ಎರಡೇ ವರ್ಷದಲ್ಲಿ ಅಲ್ಲಲ್ಲಿ ಬೆಳ್ಳಗಾಗುತ್ತದೆ. ತಿಳಿ ಬಣ್ಣದ ಕಲ್ಲಾದರೆ ಒಂದು ಚಮಚ ನೀರು ಸುರಿದು ಹದಿನೈದು ನಿಮಿಷ ಬಿಟ್ಟು ಒರೆಸಿ. ಒರೆಸಿದ ಜಾಗ ಕಪ್ಪಾಗಿ ಉಳಿದರೆ ಕಲ್ಲು ಹೀರುತ್ತದೆ. ಇಡೀ ಸ್ಲ್ಯಾಬನ್ನು ಒದ್ದೆ ಮಾಡಿ ಒಣಗುವುದನ್ನು ನೋಡುತ್ತಾ ನಿಲ್ಲಿ: ಎಲ್ಲ ಒಣಗಿದ ಮೇಲೂ ಒಂದು ಗೆರೆ ಒದ್ದೆಯಾಗಿಯೇ ಉಳಿದರೆ ಅದು ಕೂದಲೆಳೆಯ ಬಿರುಕು. ನಾಣ್ಯದಿಂದ ತಟ್ಟಿದರೆ ಗಟ್ಟಿ ಕಲ್ಲು ಟಣ್ ಎನ್ನುತ್ತದೆ, ಬಿರುಕಿನದು ಮೊಂಡು ಸದ್ದು ಕೊಡುತ್ತದೆ. ಕೊನೆಗೆ ಹಿಂಬದಿ ನೋಡಿ. ಅಲ್ಲಿ ಬಲೆ ಅಂಟಿಸಿದ್ದರೆ ಆ ಕಲ್ಲು ತಾನಾಗಿ ನಿಲ್ಲುವಷ್ಟು ಗಟ್ಟಿಯಿಲ್ಲ ಎಂದು ಕಾರ್ಖಾನೆಯೇ ಹೇಳಿದಂತೆ. ಬಲೆಗೆ ಬಳಿದ ರೆಸಿನ್ ಮೇಲೆ ಸಿಮೆಂಟ್ ಹಿಡಿಯುವುದೂ ಇಲ್ಲ. ನೆಲಕ್ಕೆ ಅಂಥ ಕಲ್ಲು ಬೇಡವೇ ಬೇಡ.

ಅಳತೆಯಲ್ಲೂ ಎಚ್ಚರ. ಸ್ಲ್ಯಾಬಿನ ಅಂಚು ಒರಟಾಗಿ, ಓರೆಯಾಗಿ ಇರುತ್ತದೆ. ಕತ್ತರಿಸಿ ನೇರ ಮಾಡಿದ ಮೇಲೆ ಸಿಗುವ ಅಳತೆಗೆ ದುಡ್ಡೋ, ಹೊರಗಿನ ಅಳತೆಗೋ ಎಂಬುದನ್ನು ದರ ಮಾತಾಡುವಾಗಲೇ ತೀರ್ಮಾನಿಸಿ.

ಹಾಸುವಾಗ ಆಗುವ ತಪ್ಪುಗಳು

ಎರಡರಲ್ಲಿ ಯಾವುದನ್ನೇ ಆರಿಸಿ, ಕೆಟ್ಟ ಕೆಲಸ ಎರಡನ್ನೂ ಕೆಡಿಸುತ್ತದೆ. ವಸ್ತುವಿನ ದೋಷ ಎಂದು ದೂರುವ ಬಹುಪಾಲು ಸಂದರ್ಭಗಳಲ್ಲಿ ತಪ್ಪಿರುವುದು ಹಾಸುವುದರಲ್ಲಿ.

ಟೈಲಿನ ದೊಡ್ಡ ಶತ್ರು ಸಿಮೆಂಟ್ ಹಾಲು, ಅಂದರೆ ನೀರಿನಲ್ಲಿ ತೆಳುವಾಗಿ ಕಲಸಿದ ಸಿಮೆಂಟ್. ಹಳೆಯ ಸೆರಾಮಿಕ್ ಟೈಲ್ ನೀರು ಹೀರುತ್ತಿತ್ತು, ಹೀರುವಾಗ ಸಿಮೆಂಟನ್ನೂ ಹಿಡಿದುಕೊಳ್ಳುತ್ತಿತ್ತು. ವಿಟ್ರಿಫೈಡ್ ಹೀರುವುದೇ ಇಲ್ಲ. ಹಾಗಾಗಿ ಸಿಮೆಂಟ್ ಅದರ ಬೆನ್ನಿಗೆ ಒರಗಿರುತ್ತದೆ, ಅಂಟಿರುವುದಿಲ್ಲ. ಅದರ ಜೊತೆಗೆ ಮಧ್ಯದಲ್ಲಿ ಒಂದು ಮುದ್ದೆ, ಮೂಲೆಗೊಂದು ಮುದ್ದೆ ಗಾರೆ ಇಟ್ಟು ಟೈಲ್ ಒತ್ತುವ ಅಭ್ಯಾಸ ಬೇರೆ. ಕೆಳಗೆ ಟೊಳ್ಳು ಉಳಿದು, ನಡೆದರೆ ಡಬ್ ಡಬ್ ಸದ್ದು, ಮಂಚದ ಕಾಲು ಆ ಟೊಳ್ಳಿನ ಮೇಲೆ ಬಂದರೆ ಬಿರುಕು. ಸಂದು ಬಿಡದೆ ಟೈಲಿಗೆ ಟೈಲ್ ತಾಗಿಸಿ ಹಾಸಿದ್ದರಂತೂ ಇನ್ನೂ ದೊಡ್ಡ ಅನಾಹುತ ಕಾದಿರುತ್ತದೆ. ಹೊಸ ಕಾಂಕ್ರೀಟ್ ಒಣಗುತ್ತಾ ಸ್ವಲ್ಪ ಸ್ವಲ್ಪ ಕುಗ್ಗುತ್ತದೆ, ಬೇಸಿಗೆಯ ಬಿಸಿಗೆ ಟೈಲ್ ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದೆ ಎರಡು ಸಾಲು ಒಂದನ್ನೊಂದು ಒತ್ತಿ ಒಂದು ದಿನ ಫಟ್ ಎಂದು ಗುಡಾರದಂತೆ ಎದ್ದು ನಿಲ್ಲುತ್ತವೆ.

ಇದನ್ನು ತಪ್ಪಿಸುವ ಕ್ರಮ ಹೀಗೆ. ಸ್ಲ್ಯಾಬ್ ಹಾಕಿ ಕನಿಷ್ಠ 28 ದಿನ ಆಗಿರಬೇಕು. ಮಟ್ಟ ಸರಿಯಿಲ್ಲದಿದ್ದರೆ ಮೊದಲು ಸ್ಕ್ರೀಡ್ ಹಾಕಿ, ಏಳು ದಿನ ನೀರುಣಿಸಿ, ಒಣಗಲು ಬಿಡಿ. ಆರಡಿಯ ಅಲ್ಯುಮಿನಿಯಂ ಪಟ್ಟಿ ಇಟ್ಟರೆ ಕೆಳಗೆ 3 ಮಿ.ಮೀ.ಗಿಂತ ಹೆಚ್ಚು ಸಂದು ಕಾಣಬಾರದು. ಅಂಟು ಐಎಸ್ 15477ರ ಗುರುತು ಇರುವ, ವಿಟ್ರಿಫೈಡ್ ಟೈಲಿಗೆಂದು ಚೀಲದ ಮೇಲೆ ಬರೆದಿರುವ ಟೈಪ್ 2 ಅಥವಾ ಅದಕ್ಕೂ ಮೇಲಿನದಾಗಿರಲಿ. ನೀರು ಚೀಲದ ಮೇಲೆ ಬರೆದಷ್ಟೇ. ಗಟ್ಟಿಯಾಗತೊಡಗಿದ ಅಂಟಿಗೆ ಮತ್ತೆ ನೀರು ಬೆರೆಸುವುದನ್ನು ಕಂಡರೆ ಅಲ್ಲೇ ನಿಲ್ಲಿಸಿ, ಆ ಬಕೆಟ್ಟು ಚೆಲ್ಲಿಸಿ. ಎರಡಡಿ×ಎರಡಡಿ ಟೈಲಿಗೆ 6 ಮಿ.ಮೀ. ಹಲ್ಲಿನ ಕರಣೆ, ಎರಡು×ನಾಲ್ಕು ಅಡಿಯ ಟೈಲಿಗೆ 10ರಿಂದ 12 ಮಿ.ಮೀ. ಹಲ್ಲಿನದು. ದೊಡ್ಡ ಟೈಲಾದರೆ ಬೆನ್ನಿಗೂ ತೆಳುವಾಗಿ ಅಂಟು ಬಳಿಯಬೇಕು. ಬೆನ್ನಿನ ಮೇಲೆ ಬಿಳಿ ಪುಡಿಯಿದ್ದರೆ ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಲೇಬೇಕು, ಆ ಪುಡಿಯ ಮೇಲೆ ಯಾವ ಅಂಟೂ ನಿಲ್ಲದು. ಮೊದಲ ದಿನ ಕೂರಿಸಿದ ಮೂರನೇ ಅಥವಾ ನಾಲ್ಕನೇ ಟೈಲನ್ನು ಹಸಿ ಇರುವಾಗಲೇ ಎತ್ತಿಸಿ ನೋಡಿ. ಬೆನ್ನಿನ ಹತ್ತರಲ್ಲಿ ಒಂಬತ್ತು ಪಾಲು ಅಂಟು ಹಿಡಿದಿರಬೇಕು. ಮೇಸ್ತ್ರಿಗೆ ಇದು ಇಷ್ಟವಾಗದು, ಆದರೂ ಎತ್ತಿಸಿ. ಈ ಒಂದು ನೋಟದಿಂದ ಮುಂದಿನ ಇಡೀ ಕೆಲಸ ಸುಧಾರಿಸುತ್ತದೆ.

ಸಂದು ಕನಿಷ್ಠ 2 ಮಿ.ಮೀ., ದೊಡ್ಡ ಟೈಲಿಗೆ 3 ಮಿ.ಮೀ., ಸ್ಪೇಸರ್ ಇಟ್ಟೇ. ಗೋಡೆಯ ಸುತ್ತ 5–6 ಮಿ.ಮೀ. ಖಾಲಿ ಬಿಡಿ, ಸ್ಕರ್ಟಿಂಗ್ ಅದನ್ನು ಮುಚ್ಚುತ್ತದೆ. ಒಂದು ಕೋಣೆಯಿಂದ ಇನ್ನೊಂದಕ್ಕೆ ಟೈಲ್ ಸಾಗುವ ಬಾಗಿಲ ಕೆಳಗೆ ಕಲ್ಲಿನ ಪಟ್ಟಿ ಹಾಕಿ, ಅದರ ಒಂದು ಬದಿಯ ಸಂದಿಗೆ ಸಿಲಿಕೋನ್ ತುಂಬಿಸಿ. ಎರಡು×ನಾಲ್ಕರ ಟೈಲನ್ನು ಇಟ್ಟಿಗೆಯಂತೆ ಅರ್ಧಕ್ಕರ್ಧ ಜಾರಿಸಿ ಹಾಸಬಾರದು. ಉದ್ದ ಟೈಲುಗಳ ನಡುಭಾಗ ಒಂದಿಷ್ಟು ಉಬ್ಬಿರುತ್ತದೆ, ಉಬ್ಬಿದ ಮಧ್ಯದ ಪಕ್ಕ ತಗ್ಗಿದ ತುದಿ ಬಂದು ಹೆಬ್ಬೆರಳು ಎಡವುತ್ತದೆ. ಮೂರನೇ ಒಂದು ಭಾಗ ಮಾತ್ರ ಜಾರಿಸಿ, ಅಥವಾ ನೇರ ಸಾಲು ಹಾಸಿ. ಅಂಗಡಿಯಲ್ಲೇ ಎರಡು ಟೈಲನ್ನು ಮುಖಕ್ಕೆ ಮುಖ ಇಟ್ಟು ನೋಡಿದರೆ ಉಬ್ಬು ಎಷ್ಟೆಂದು ಗೊತ್ತಾಗುತ್ತದೆ.

ಗ್ರಾನೈಟಿನ ಕಥೆ ಬೇರೆ. ಅದರ ಬೆನ್ನು ಒರಟಾದ್ದರಿಂದ ಗಾರೆಯ ಬೆಡ್ ಅದಕ್ಕೆ ಒಗ್ಗುತ್ತದೆ. ಒಂದು ಪಾಲು ಸಿಮೆಂಟಿಗೆ ಐದು ಪಾಲು ಮರಳು, ಮುಷ್ಟಿ ಹಿಡಿದರೆ ಉಂಡೆ ನಿಲ್ಲುವಷ್ಟೇ ನೀರು, 30ರಿಂದ 40 ಮಿ.ಮೀ. ದಪ್ಪ. ಕಲ್ಲನ್ನು ಮೊದಲು ಒಣಗಿಯೇ ಇಟ್ಟು ರಬ್ಬರ್ ಸುತ್ತಿಗೆಯಲ್ಲಿ ತಟ್ಟಿ ಮಟ್ಟ ನೋಡಿ, ಎತ್ತಿ, ತಗ್ಗಿಗೆ ಗಾರೆ ತುಂಬಿ, ಸಿಮೆಂಟ್ ಹಾಲು ಹರಡಿ, ಮತ್ತೆ ಕೂರಿಸಬೇಕು. ಬೆನ್ನಿಗೆ ಅಂಟಿದ ಕೊಯ್ತದ ಕೆಸರನ್ನು ತೊಳೆಯದೆ ಕೂರಿಸಿದರೆ ಕಲ್ಲೂ ಟೊಳ್ಳು ಸದ್ದು ಮಾಡುತ್ತದೆ. ತಿಳಿ ಬಣ್ಣದ ಕಲ್ಲಿಗೆ ಬೂದು ಸಿಮೆಂಟಿನ ಹಾಲು ಬೇಡ, ನೆರಳು ಮೇಲಕ್ಕೆ ಹಾಯುತ್ತದೆ. ಬಿಳಿ ಸಿಮೆಂಟ್ ಅಥವಾ ಬಿಳಿ ಅಂಟು ಬಳಸಿಸಿ. ಮರಳಿನಲ್ಲಿ ಕೆಂಪು ಮಣ್ಣು ಇದ್ದರೂ ಹಳದಿ ಕಲೆ ಏಳುತ್ತದೆ, ಹಾಗಾಗಿ ತೊಳೆದ ಎಂ-ಸ್ಯಾಂಡ್ ಒಳ್ಳೆಯದು.

ಹಾಸಿದ ಮೇಲೆ ಅಂಚುಗಳು ಒದ್ದೆಯಂತೆ ಕಪ್ಪಾಗಿ, ಪ್ರತಿ ಕಲ್ಲಿಗೂ ಚೌಕಟ್ಟು ಬರೆದಂತೆ ಕಾಣುವುದುಂಟು. ಅದು ಬೆಡ್ಡಿನ ನೀರು ಸಂದಿನ ಮೂಲಕ ಮೇಲೆ ಬರುತ್ತಿರುವ ಗುರುತು. ಹೆದರಿ ಏನನ್ನೂ ಬಳಿಯಬೇಡಿ. ಎರಡು-ಮೂರು ವಾರ ತೆರೆದಿಟ್ಟು ಒಣಗಲು ಬಿಡಿ, ಆಮೇಲೆ ಗ್ರೌಟ್ ತುಂಬಿಸಿ, ಆಮೇಲೆ ಸೀಲರ್ ಬಳಿಯಿರಿ. ಒದ್ದೆ ಇರುವಾಗಲೇ ಪ್ಲಾಸ್ಟಿಕ್ ಹಾಸಿ ಮುಚ್ಚಿದರೆ ಅಥವಾ ಸೀಲರ್ ಹೊಡೆದರೆ ಆ ಚೌಕಟ್ಟು ಖಾಯಂ ಆಗುತ್ತದೆ.

ಸಿಮೆಂಟ್ ಕಲೆ ತೆಗೆಯಲು ಟಾಯ್ಲೆಟ್ ಆಸಿಡ್ ಸುರಿಯುವುದು ನಮ್ಮಲ್ಲಿ ವಾಡಿಕೆ. ಗ್ರಾನೈಟಿನ ಹರಳನ್ನು ಆ ಆಸಿಡ್ ಒಮ್ಮೆಗೇ ತಿನ್ನುವುದಿಲ್ಲ ನಿಜ, ಆದರೆ ಕಲ್ಲಿನೊಳಗಿನ ಕಪ್ಪು ಅಭ್ರಕದಿಂದ ಕಬ್ಬಿಣವನ್ನು ಬಿಡಿಸಿ ಹೊರತರುತ್ತದೆ. ಒಂದೆರಡು ತಿಂಗಳಲ್ಲಿ ಬೂದು ಕಲ್ಲು ಹಳದಿ ತಿರುಗುತ್ತದೆ. ಟೈಲಿನಲ್ಲಿ ಅದು ಸಂದಿನ ಗ್ರೌಟನ್ನು ತಿನ್ನುತ್ತದೆ. ಎರಡಕ್ಕೂ ಬೇಡ. ಹಸಿ ಇರುವಾಗಲೇ ಒದ್ದೆ ಸ್ಪಂಜಿನಲ್ಲಿ ಒರೆಸಿಸುವುದೇ ದಾರಿ.

ಕಿಟಕಿ ಗ್ರಿಲ್, ಮೆಟ್ಟಿಲ ಕಂಬಿಯ ವೆಲ್ಡಿಂಗ್ ಎಲ್ಲ ನೆಲ ಹಾಸುವ ಮೊದಲೇ ಮುಗಿಸಿ. ಕಿಡಿ ಬಿದ್ದಲ್ಲಿ ಗ್ಲೇಜಿನಲ್ಲಿ ಸೂಜಿಮೊನೆಯ ಗುಳಿ, ಗ್ರಾನೈಟಿನಲ್ಲಿ ತುಕ್ಕಿನ ಚುಕ್ಕೆ ಬೀಳುತ್ತದೆ.

ಲೆಕ್ಕ

ಚದರಡಿ ದರ ಮಾತ್ರ ಹೋಲಿಸಿದರೆ ಮೋಸ ಹೋಗುತ್ತೀರಿ. ಹಾಸಿ ಮುಗಿದ ಮೇಲಿನ ಚದರಡಿ ದರ ತೆಗೆಯಿರಿ. 1,400 ಚದರಡಿಗೆ ಟೈಲಾದರೆ ಶೇ. 8 ವೇಸ್ಟೇಜ್ ಸೇರಿ 1,512 ಚದರಡಿ. ಎರಡು×ನಾಲ್ಕು ಅಡಿಯ ಎರಡು ಟೈಲ್ ಇರುವ ಪೆಟ್ಟಿಗೆ 15.5 ಚದರಡಿ, ಅಂದರೆ 98 ಪೆಟ್ಟಿಗೆ. ಅಂಟು 20 ಕೆ.ಜಿ. ಚೀಲಕ್ಕೆ ಈ ಅಳತೆಯ ಟೈಲಿನಲ್ಲಿ ಸುಮಾರು 30 ಚದರಡಿ ಬರುತ್ತದೆ, ಒಟ್ಟು 47 ಚೀಲ. ಎರಡು×ಎರಡರ ಟೈಲಾದರೆ ತೆಳುವಾದ ಪದರ ಸಾಕಾಗಿ 30 ಚೀಲದೊಳಗೆ ಮುಗಿಯುತ್ತದೆ. ಅಂಗಡಿಯ ಕೊಟೇಶನ್ನಿನಲ್ಲಿ ಈ ಅಂಟು, ಗ್ರೌಟ್, ಸ್ಪೇಸರಿನ ಸಾಲೇ ಇರುವುದಿಲ್ಲ. ಮಲಗುವ ಕೋಣೆಗಳಿಗೆ ಎರಡು×ಎರಡೇ ಚೆನ್ನ, ಸಣ್ಣ ಕೋಣೆಯಲ್ಲಿ ದೊಡ್ಡ ಟೈಲ್ ಕತ್ತರಿಸಿ ಹಾಳಾಗುವುದೇ ಹೆಚ್ಚು.

ಗ್ರಾನೈಟಾದರೆ ಶೇ. 12ರಿಂದ 15 ವೇಸ್ಟೇಜ್, ಅಂದರೆ 1,570ರಿಂದ 1,610 ಚದರಡಿ. ಬೆಡ್ಡಿಗೆ 40 ಮಿ.ಮೀ. ಲೆಕ್ಕದಲ್ಲಿ ಒಂದಕ್ಕೆ ಐದರ ಗಾರೆ, ಸಿಮೆಂಟ್ ಹಾಲು ಎಲ್ಲ ಸೇರಿ 43ರಿಂದ 45 ಚೀಲ ಸಿಮೆಂಟ್, ಸುಮಾರು 200 ಘನ ಅಡಿ ಮರಳು. ಅದರ ಮೇಲೆ ಲಾರಿ ಬಾಡಿಗೆ, ಹಮಾಲಿ, ಮಹಡಿಗೆ ಹೊರುವ ಕೂಲಿ, ಕಟಿಂಗ್, ಮೋಲ್ಡಿಂಗ್. ಕಲ್ಲು ಹಾಸುವ ಕೂಲಿಯೂ ಟೈಲಿಗಿಂತ ಹೆಚ್ಚು. ಸ್ಲ್ಯಾಬಿನ ದರ ಟೈಲಿನಷ್ಟೇ ಇದೆ ಎಂದು ಹೊರಟವರು ಕೊನೆಗೆ ಎಡವುವುದು ಈ ಸಾಲುಗಳಲ್ಲಿ. ತೆರಿಗೆ ಸೇರಿದೆಯೇ ಎಂದು ಎರಡೂ ಕಡೆ ಕೇಳಿ.

ನಿಮ್ಮ ಮನೆಗೆ ಹೀಗೆ ಮಾಡಿಸಿ. ಮೆಟ್ಟಿಲು, ಹೊಸ್ತಿಲು, ಬಾಗಿಲ ಪಟ್ಟಿ, ಕಿಟಕಿ ಪಟ್ಟಿಗೆ ಒಂದೇ ಬ್ಲಾಕಿನ ಕಟ್ಟರ್ ಗ್ರಾನೈಟ್. ಅಡುಗೆ ಕಟ್ಟೆಗೆ ಅಸಿಟೋನ್ ಪರೀಕ್ಷೆ ಗೆದ್ದ ಕಪ್ಪು ಕಲ್ಲು, 18 ಮಿ.ಮೀ.ಗೆ ಕಡಿಮೆಯಿಲ್ಲದ್ದು. ಜಗುಲಿಗೆ ಫ್ಲೇಮ್ಡ್ ಕಲ್ಲು, ಕಾರು ನಿಲ್ಲುವ ಜಾಗಕ್ಕೆ 30 ಮಿ.ಮೀ. ದಪ್ಪದ್ದು. ಎರಡೂ ಮಹಡಿಯ ಕೋಣೆಗಳಿಗೆ ಮ್ಯಾಟ್ ಟೈಲ್. ಹಾಲಿಗೆ ಗ್ರಾನೈಟ್ ನೋಟವೇ ಬೇಕೆಂದರೆ ಸಣ್ಣ ಕಾಳಿನ ಫುಲ್ ಬಾಡಿ, ಮೆಟ್ಟಿಲ ಕಲ್ಲಿನ ತುಣುಕೊಂದನ್ನು ಅಂಗಡಿಗೆ ಒಯ್ದು, ಹೊರಗಿನ ಬೆಳಕಿನಲ್ಲಿ ಪಕ್ಕಕ್ಕಿಟ್ಟು ಹೊಂದಿಸಿಕೊಳ್ಳಿ. ಟೈಲ್ ಬೆಡ್ ತೆಳು, ಕಲ್ಲಿನ ಬೆಡ್ ದಪ್ಪ. ಎರಡೂ ಸೇರುವಲ್ಲಿ ಮಟ್ಟ ಒಂದಾಗಬೇಕಾದರೆ ಯಾವ ಕೋಣೆಗೆ ಏನು ಎಂಬ ತೀರ್ಮಾನ ಸ್ಕ್ರೀಡ್ ಹಾಕುವ ಮೊದಲೇ ಆಗಿರಬೇಕು. ಈಗ ನಿಮ್ಮ ಪ್ಲಾಸ್ಟರಿಂಗ್ ಮುಗಿದಿದೆ ಎಂದಿರಿ, ಅಂದರೆ ಇದೇ ವಾರ ಕೂತು ಮಾಡಬೇಕಾದ ಕೆಲಸ.

ಟೈಲ್ ಲಾರಿ ಬಂದಾಗ ಎಲ್ಲ ಪೆಟ್ಟಿಗೆಯ ಮೇಲೂ ಶೇಡ್ ನಂಬರ್, ಬ್ಯಾಚ್, ಸೈಜ್ ಕೋಡ್ ಒಂದೇ ಇದೆಯೇ ಎಂದು ಇಳಿಸುವ ಮೊದಲೇ ನೋಡಿ. ಮೂರರಲ್ಲಿ ಒಂದು ಬೇರೆಯಾದರೂ ಆ ಪೆಟ್ಟಿಗೆ ವಾಪಸ್. ಕೆಲಸ ಮುಗಿದ ಮೇಲೆ ಪ್ರತಿ ಬಗೆಯ ಟೈಲಿನ ಎರಡು ಪೆಟ್ಟಿಗೆ ಉಳಿಸಿಕೊಂಡು ಅಟ್ಟದ ಮೇಲೆ ಅಂಚಿನ ಮೇಲೆ ನಿಲ್ಲಿಸಿಡಿ, ಮಲಗಿಸಿ ಪೇರಿಸಬೇಡಿ. ಕೆಲವೇ ವರ್ಷದಲ್ಲಿ ಆ ಡಿಸೈನ್ ನಿಂತುಹೋಗಿರುತ್ತದೆ, ಪೈಪ್ ರಿಪೇರಿಗೆಂದು ಎರಡು ಟೈಲ್ ಒಡೆಯಬೇಕಾಗಿ ಬಂದರೆ ಊರೆಲ್ಲ ಹುಡುಕಿದರೂ ಸಿಗದು. ಕಲ್ಲಿನ ಕಟಿಂಗಿನಲ್ಲಿ ಉಳಿದ ದೊಡ್ಡ ತುಣುಕುಗಳನ್ನೂ ಎಸೆಯಲು ಬಿಡಬೇಡಿ. ದೇವರ ಮನೆಯ ಪೀಠ, ತುಳಸಿ ಕಟ್ಟೆಯ ಮೇಲ್ಪಟ್ಟಿ, ಬಚ್ಚಲಿನ ಸಣ್ಣ ಶೆಲ್ಫ್ ಅದರಲ್ಲೇ ಆಗುತ್ತವೆ.